ಇತಿಹಾಸದ ಸವಿ ಯಾರ ಸ್ವತ್ತು?

ನಮ್ಮ ನಾಡಿನಲ್ಲಿ ಒಂದು ಬಗೆಯ ಜನರಿದ್ದಾರೆ. ಅವರು ಹೊಟ್ಟೆಪಾಡಿಗೆ ಮಾಡುವ ಕೆಲಸ ಒಂದು. ಅವರ ಮನಸ್ಸು ನೆಲೆಸಿರುವ ತಾಣ ಇನ್ನೊಂದು. ಅವರಲ್ಲಿ ಶಾಲೆಯ ಮಾಸ್ತರರುಂಟು, ಕಚೇರಿಯ ಗುಮಾಸ್ತರುಂಟು, ವಕೀಲರುಂಟು, ಅಂಗಡಿಕಾರರುಂಟು, ಪೆನ್ಶನ್ ಪಡೆದು ಮನೆಯಲ್ಲಿ ಕುಳಿತ ವೃದ್ಧರೂ ಉಂಟು. ರವಿವಾರ ಬಂದಿತೆಂದರೆ ಇವರಿಗೆ ಇಸ್ಪೀಟಿನಾಟವಿಲ್ಲ, ಹರಟೆಯ ಕಟ್ಟೆಯಿಲ್ಲ. ಯಾವದೋ ಹಳ್ಳಿಯ ಹಾಳು ಗುಡಿಯ ಮುಂದೆ, ಕಂಟಿಗಳ ನಡುವೆ ಮೊಣಕಾಲೂರಿ ಕುಳಿತು, ಒಂದು ಕಲ್ಲಿನ ಮೇಲಿನ ಸವೆದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿರುತ್ತಾರೆ. ಅವರಿಗೆ ಇದರಿಂದ ಸಂಬಳವಿಲ್ಲ, ಬಿರುದಿಲ್ಲ, ಬಡತಿಯಿಲ್ಲ. ಇರುವದೊಂದೇ, ಒಂದು ಸಾಲು ತಿಳಿದೊಡನೆ ಎದೆಯಲ್ಲಿ ಏಳುವ ಆನಂದ.

ಈ ಆನಂದವನ್ನು ಹಳಿಯುವವರು ಮೂರು ತರದವರು. ಪಂಡಿತಂಮನ್ಯರು, “ಪದವಿಯಿಲ್ಲದವರಿಗೆ ಇತಿಹಾಸದ ಗೊಡವೆಯೇಕೆ?” ಎಂದು ಮೂಗು ಮುರಿಯುತ್ತಾರೆ. ವ್ಯವಹಾರಸ್ಥರು, “ಸತ್ತ ಅರಸರ ಕಥೆಯಿಂದ ಇಂದಿನ ಯಾವ ಹೊಟ್ಟೆ ತುಂಬೀತು?” ಎಂದು ನಗುತ್ತಾರೆ. ಮೂರನೆಯವರು ನಗುವದಿಲ್ಲ, ಮೂಗನ್ನೂ ಮುರಿಯುವದಿಲ್ಲ, ಬೆನ್ನು ತಟ್ಟುತ್ತಾರೆ. ಆದರೆ ಕಿವಿಯಲ್ಲಿ ಮೆಲ್ಲನೆ, “ನಮ್ಮ ಹಿರಿಮೆಗೆ ಒದಗುವಷ್ಟನ್ನು ಹೇಳಿರಿ, ಉಳಿದುದನ್ನು ಮುಚ್ಚಿಡಿರಿ” ಎಂದು ಉಸುರುತ್ತಾರೆ. ಈ ಮೂವರಿಗೂ ಇಂದು ನೇರವಾದ ಉತ್ತರವನ್ನು ಕೊಡಬೇಕೆಂದು ನಾವು ಲೇಖನಿಯನ್ನು ಹಿಡಿದಿದ್ದೇವೆ.

ಮೊದಲು ಪಂಡಿತಂಮನ್ಯರ ಮಾತನ್ನು ತೆಗೆದುಕೊಳ್ಳೋಣ. ನಿಜವಾದ ಪಂಡಿತರ ವಿಷಯದಲ್ಲಿ ನಮಗಿರುವ ಗೌರವ ಅಪಾರವಾದದ್ದು. ಹಲ್ಮಿಡಿಯ ಮಣ್ಣಿನಲ್ಲಿ ಮರೆಯಾಗಿದ್ದ ಕಲ್ಲನ್ನು 1936ರಲ್ಲಿ ಲೋಕಕ್ಕೆ ತೋರಿಸಿ, ಸುಮಾರು ಕ್ರಿ.ಶ. 450ರಷ್ಟು ಹಿಂದೆಯೇ ಕನ್ನಡವು ಶಾಸನದ ನುಡಿಯಾಗಿತ್ತೆಂದು ಸಾರಿದ ಡಾಕ್ಟರ್ ಎಂ. ಎಚ್. ಕೃಷ್ಣರಂಥವರಿಗೆ ನಾವು ಎಷ್ಟು ಕೈಮುಗಿದರೂ ಸಾಲದು. ನಾವು ಕೇಳುವದು ಅಂಥವರನ್ನಲ್ಲ. ವಿದ್ಯೆಯನ್ನು ಹಿತ್ತಲ ಬೇಲಿಯಂತೆ ಸುತ್ತ ಕಟ್ಟಿಕೊಂಡು, ಹಾದಿಹೋಕರು ಇಣಿಕಿದರೂ ಗದರಿಸುವವರನ್ನು ಕೇಳುತ್ತೇವೆ: ಸ್ವಾಮಿ, ನೀವು ಇಂದು ಉಣ್ಣುತ್ತಿರುವ ಈ ಊಟದ ಒಲೆಯನ್ನು ಹೊತ್ತಿಸಿದವರು ಯಾರು?

ಅಶೋಕನ ಕಥೆಯನ್ನೇ ನೋಡಿರಿ. ಭರತಖಂಡದ ಉದ್ದಗಲಕ್ಕೂ ಬಂಡೆಗಳ ಮೇಲೆ, ಕಂಬಗಳ ಮೇಲೆ ಆತನ ಮಾತು ಕೆತ್ತಿದ್ದಿತು. ಅದನ್ನು ಓದಬಲ್ಲವನೊಬ್ಬನೂ ಇದ್ದಿಲ್ಲ. ಆ ಬ್ರಾಹ್ಮೀ ಲಿಪಿಯ ಗಂಟನ್ನು 1837ರಲ್ಲಿ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಯಾವ ವಿಶ್ವವಿದ್ಯಾಲಯದ ಇತಿಹಾಸಾಚಾರ್ಯ? ಆತ ಕಲಕತ್ತೆಯ ಟಂಕಸಾಲೆಯಲ್ಲಿ ಬೆಳ್ಳಿಬಂಗಾರಗಳ ಒರೆ ನೋಡುವ ಅಧಿಕಾರಿ. ಶಾಸನಗಳಲ್ಲಿ ಬರುವ ‘ಪ್ರಿಯದರ್ಶಿ’ ಯಾರೆಂಬುದನ್ನು ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಅಶೋಕನೇ ಎಂದು ಗುರುತಿಸಿದ ಜಾರ್ಜ್ ಟರ್ನರ್ ಸಿಂಹಳದ ಸರಕಾರಿ ನೌಕರ. ಆದರೂ ಬಂಡೆಯ ಮೇಲೆಯೇ ‘ಅಶೋಕ’ ಎಂಬ ಹೆಸರು ದೊರೆಯುವವರೆಗೆ ಒಂದು ಕೊಂಡಿ ಕಡಮೆಯಾಗಿದ್ದಿತು. ಆ ಕೊಂಡಿ ದೊರೆತದ್ದು ನಮ್ಮ ಕನ್ನಡ ನೆಲದಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಅದನ್ನು ಕಂಡವನು ಬೀಡನ್ ಎಂಬ ಎಂಜಿನಿಯರು. ಬಂಗಾರದ ಅದಿರನ್ನು ಹುಡುಕುತ್ತ ಗುಡ್ಡಗಳಲ್ಲಿ ಅಲೆಯುತ್ತಿದ್ದವನು! ಅದಿರನ್ನು ಅರಸಿ ಹೋದವನ ಕಣ್ಣಿಗೆ ಬಂಡೆಯ ಮೇಲಿನ ಗೀರುಗಳು ಅಕ್ಷರಗಳೆಂದು ಹೊಳೆದವು. ಹೊಳೆಯದೆ ಹೋಗಿದ್ದರೆ? ಇಂಥ ನೂರು ಗೀರುಗಳನ್ನು ಕಂಡೂ ಕಾಣದೆ ನಡೆದುಹೋದವರು ಅದೆಷ್ಟು ಜನರೋ!

ಕರ್ನಾಟಕದ ಶಾಸನಗಳ ಮಾತಿಗೆ ಬರೋಣ. ಧಾರವಾಡ ಪ್ರಾಂತದ ಶಾಸನಗಳನ್ನು ಮೊತ್ತಮೊದಲು ನೂರುಗಟ್ಟಲೆ ನಕಲು ಮಾಡಿಸಿ ಸಂಗ್ರಹಿಸಿದ ವಾಲ್ಟರ್ ಎಲಿಯಟ್ ಕಂಪನಿ ಸರಕಾರದ ಕಂದಾಯದ ಅಧಿಕಾರಿ. ಕದಂಬ, ಚಾಲುಕ್ಯ, ರಾಷ್ಟ್ರಕೂಟ ವಂಶಾವಳಿಗಳನ್ನು ಒಂದು ಕ್ರಮಕ್ಕೆ ತಂದ ಫ್ಲೀಟ್ ಸಹ ಮುಂಬಯಿ ಇಲಾಖೆಯ ಕಂದಾಯದವನೇ. ಇನ್ನು ಲೂಯಿ ರೈಸ್ ಯಾರು? ಬೆಂಗಳೂರಿನಲ್ಲಿಯೆ ಹುಟ್ಟಿದ ಪಾದ್ರಿಯ ಮಗ; ಶಾಲೆಯ ಹೆಡ್‌ಮಾಸ್ತರನಾಗಿ ದುಡಿದು ವಿದ್ಯಾ ಇಲಾಖೆಯಲ್ಲಿ ಮೇಲೇರಿದವನು. ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗ ಶಾಸನಗಳ ಹುಚ್ಚು ಹಿಡಿಸಿಕೊಂಡವನು. ಮೈಸೂರು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ ಆರಂಭವಾದದ್ದು 1885ರಲ್ಲಿ. ಮರುವರ್ಷದಿಂದ ಮೊದಲುಗೊಂಡು ಎರಡು ದಶಕಗಳಲ್ಲಿ ಆತ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಅಡಕವಾಗಿವೆ. ಇಂದು ಪಂಡಿತರು ತಮ್ಮ ಪ್ರಬಂಧಗಳ ಅಡಿಯಲ್ಲಿ ಈ ಸಂಪುಟಗಳ ಅಂಕೆಗಳನ್ನು ಕಾಣಿಸದೆ ಒಂದು ಪುಟವನ್ನೂ ದಾಟಲಾರರು.

ಅವರೆಲ್ಲ ಪರದೇಶದವರು, ಅಧಿಕಾರವಿದ್ದವರು ಎನ್ನುವಿರೋ? ನಮ್ಮವರನ್ನೇ ನೋಡಿರಿ. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದು ಮಲಗಿದ್ದ ನಾಡನ್ನು ಎಬ್ಬಿಸಿದ ಆಲೂರ ವೆಂಕಟರಾಯರು ಓದಿದ್ದು ಕಾಯಿದೆ, ಹಿಡಿದದ್ದು ವಕೀಲಿ. ಕನ್ನಡದ ಹುಟ್ಟನ್ನು ಹುಡುಕುತ್ತ ‘ಕಣ್ಮರೆಯಾದ ಕನ್ನಡ’ವನ್ನು ಬರೆದ ಶಂಬಾ ಜೋಶಿಯವರು ಧಾರವಾಡದಲ್ಲಿ ಶಾಲೆಯ ಮಾಸ್ತರರು. ಮಂಜೇಶ್ವರದ ಗೋವಿಂದ ಪೈಗಳು ಬಿ. ಎ. ಪದವಿಯನ್ನು ಪೂರೈಸಿದವರಲ್ಲ, ತಮ್ಮ ಮನೆಯ ಪುಸ್ತಕಗಳ ನಡುವೆ ಕುಳಿತು ಹತ್ತಾರು ಭಾಷೆಗಳ ಆಧಾರಗಳನ್ನು ಹೊಂದಿಸಿ ಕವಿಗಳ, ಅರಸರ ಕಾಲನಿರ್ಣಯ ಮಾಡಿದವರು. ಇವರು ಹೇಳಿದುದೆಲ್ಲ ನಿಂತಿತೆಂದು ನಾವು ವಾದಿಸುವದಿಲ್ಲ. ಕೆಲವು ನಿಂತವು, ಕೆಲವು ಬಿದ್ದವು. ಪದವೀಧರರ ಮಾತುಗಳಿಗೂ ಅದೇ ಗತಿಯಲ್ಲವೆ? ತಪ್ಪಿಗೆ ಮದ್ದು ತಿದ್ದುವದು, ಬಾಯಿ ಮುಚ್ಚಿಸುವದಲ್ಲ. ಹವ್ಯಾಸಿಯು ತಪ್ಪು ಓದಿದರೆ ಸರಿಯಾದ ಓದನ್ನು ತೋರಿಸಿಕೊಡುವದು ಪಂಡಿತರ ಧರ್ಮ. ಅದನ್ನು ಬಿಟ್ಟು ‘ನಿನಗೇಕೆ?’ ಎನ್ನುವದು ಜಂಬ.

ಎರಡನೆಯವರು ವ್ಯವಹಾರಸ್ಥರು. ಇವರ ಪ್ರಶ್ನೆ ಲಾಭದ್ದು. ಲಾಭದ ಲೆಕ್ಕವನ್ನೇ ಹಾಕುವದಾದರೆ ಇವರು ಮಗುವಿನ ನಗೆಗೂ ಬೆಲೆ ಕಟ್ಟಬೇಕಾದೀತು. ಆದರೂ ಉತ್ತರ ಕೊಡುತ್ತೇವೆ. ಮನುಷ್ಯನ ಆಯುಷ್ಯ ಅರುವತ್ತು ಎಪ್ಪತ್ತು ವರ್ಷ. ಇತಿಹಾಸದ ಸವಿ ಕಂಡವನು ಮಾತ್ರ ಸಾವಿರದೈದುನೂರು ವರ್ಷ ಬಾಳುತ್ತಾನೆ. ಇದು ಬರಿಯ ಅಲಂಕಾರದ ಮಾತಲ್ಲ. ಮಂಡ್ಯ ಜಿಲ್ಲೆಯ ಮದ್ದೂರಿನ ಬಳಿಯ ಆತಕೂರಿನಲ್ಲಿ ದೊರೆತ ಒಂದು ಕಲ್ಲನ್ನು ಉದಾಹರಣೆಗೆ ಕೊಡುತ್ತೇವೆ. ಅದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧ, ಅದರಲ್ಲಿ ಚೋಳ ರಾಜಾದಿತ್ಯನು ಗಂಗ ಬೂತುಗನ ಕೈಯಲ್ಲಿ ಮಡಿದುದು – ಇವೆಲ್ಲ ಅದರಲ್ಲಿವೆ. ಇಷ್ಟನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಆದರೆ ಆ ಕಲ್ಲಿನಲ್ಲಿ ಇನ್ನೊಂದು ಕಥೆಯಿದೆ. ಆ ಕಾಳಗದಲ್ಲಿ ಮೆರೆದ ಮಣಲೇರನೆಂಬ ಭಟನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡು ಎಂದನು. ಭಟನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ‘ಕಾಳಿ’ಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಚಲ್ಲೇಶ್ವರದ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಕಲ್ಲನ್ನು ಪೂಜಿಸದೆ ಊಟ ಮಾಡುವ ಅರ್ಚಕನಿಗೆ ಆ ನಾಯಿಯ ಪಾಪ ತಟ್ಟಲೆಂದು ಬರೆಸಿದರು!

ವಾಚಕ ಮಹಾಶಯರೆ, ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಸೈನಿಕನು ತನ್ನ ನಾಯಿಗಾಗಿ ಅತ್ತ ಅಳು ಆ ಕಲ್ಲಿನಲ್ಲಿ ಇನ್ನೂ ಹಸಿಯಾಗಿದೆ. ಇದನ್ನು ಓದಿದವನಿಗೆ ಏನು ಲಾಭವೆಂದು ಕೇಳುವವರಿಗೆ ನಾವು ಹೇಳುವದಿಷ್ಟೆ: ಓದಿದವನು ಇನ್ನು ಮೇಲೆ ‘ಹಿಂದಿನವರು’ ಎಂದರೆ ಕಿರೀಟ ಇಟ್ಟ ಬೊಂಬೆಗಳೆಂದು ಎಣಿಸಲಾರ. ಅವರೂ ನಮ್ಮಂತೆ ಉಂಡವರು, ಅತ್ತವರು, ಸಾಕಿದ ಪ್ರಾಣಿಗೆ ಹೆಸರಿಟ್ಟವರು. ಈ ತಿಳಿವಳಿಕೆಯೇ ಲಾಭ. ಇದಿಲ್ಲದವನು ನಿನ್ನೆ ಹುಟ್ಟಿ ನಾಳೆ ಸಾಯುವವನು. ಅವನಿಗೆ ಊರೆಂದರೆ ಬರಿಯ ನಿವೇಶನ, ನಾಡೆಂದರೆ ಬರಿಯ ನಕಾಶೆ.

ಮೂರನೆಯವರಿಗೆ ನಾವು ಹೆಚ್ಚು ಕಟುವಾಗಿ ಮಾತಾಡಬೇಕಾಗಿದೆ. ಯಾಕೆಂದರೆ ಇವರು ನಮ್ಮವರು. ಇವರೂ ಕನ್ನಡಾಭಿಮಾನಿಗಳೆ. ಸಭೆಯಲ್ಲಿ ಪುಲಿಕೇಶಿಯ ಹೆಸರೆತ್ತಿದರೆ ಚಪ್ಪಾಳೆ ತಟ್ಟುವವರೆ. ಆದರೆ ಇವರಲ್ಲಿ ಎಷ್ಟು ಜನರು ಐಹೊಳೆಯ ಮೇಗುತಿಯನ್ನು ಹತ್ತಿ ರವಿಕೀರ್ತಿಯ ಶಾಸನದ ಮುಂದೆ ನಿಂತಿದ್ದಾರೆ? ಹರ್ಷವರ್ಧನನ ಸೋಲನ್ನು ಆತನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ಹೇಳಿದ ಕವಿ ಅವನು. ಕಾಳಿದಾಸ, ಭಾರವಿಗಳ ಹೆಸರನ್ನು ಶಕ 556ರಲ್ಲಿ, ಅಂದರೆ ಕ್ರಿ.ಶ. 634ರಲ್ಲಿ, ಕಲ್ಲಿನ ಮೇಲೆ ಬರೆದಿಟ್ಟು ಆ ಮಹಾಕವಿಗಳ ಕಾಲದ ಕೆಳಗಣ ಮಿತಿಯನ್ನು ನಮಗೆ ಕೊಟ್ಟವನು. ಚಪ್ಪಾಳೆಯವರಿಗೆ ಇದು ಬೇಡ. ಅವರಿಗೆ ಬೇಕಾದುದು ಗೆಲವು ಮಾತ್ರ. ಹಾಗಾದರೆ ಬಾದಾಮಿಯ ಬಂಡೆಯ ಮೇಲೆ ಪಲ್ಲವ ನರಸಿಂಹವರ್ಮನು ಕೆತ್ತಿಸಿದ ಶಾಸನವನ್ನು ಏನು ಮಾಡುತ್ತೀರಿ? ಕ್ರಿ.ಶ. 642ರಲ್ಲಿ ವಾತಾಪಿಯೇ ಪಲ್ಲವರ ಕೈಸೇರಿತು. ಅದೂ ನಮ್ಮ ಇತಿಹಾಸವೇ. ಆ ಸಾಲನ್ನು ಒರಸಿಬಿಟ್ಟರೆ, ಮತ್ತೆ ತಲೆಯೆತ್ತಿದ ಚಾಲುಕ್ಯರ ಹಿರಿಮೆಯನ್ನು ಯಾವ ಬಾಯಿಂದ ಹೇಳುವಿರಿ? ಬಿದ್ದುದನ್ನು ಹೇಳದವನಿಗೆ ಎದ್ದುದನ್ನು ಹೇಳುವ ಅಧಿಕಾರವಿಲ್ಲ.

ಎದ್ದ ಬಗೆಯನ್ನಾದರೂ ನೋಡಿರಿ. ನೂರು ವರ್ಷಗಳ ತರುವಾಯ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಸೇಡು ತೀರಿಸುವ ಅವಕಾಶ ಕೈಯಲ್ಲಿತ್ತು. ಆದರೆ ಪಲ್ಲವರು ಕಟ್ಟಿಸಿದ ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ಆತನು ದೋಚಲಿಲ್ಲ; ದೇವರಿಗೆ ಮರಳಿ ಒಪ್ಪಿಸಿದನು. ಹಾಗೆಂದು ಹೇಳುವ ಕನ್ನಡ ಶಾಸನ ತಮಿಳು ನಾಡಿನ ಕಂಚಿಯಲ್ಲಿ, ಅದೇ ದೇವಾಲಯದಲ್ಲಿ ಇಂದಿಗೂ ಇದೆ. ಆತನ ರಾಣಿ ಲೋಕಮಹಾದೇವಿ ಆ ಗೆಲವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಎತ್ತಿಸಿದ ಗುಡಿಯನ್ನು ನಾವು ವಿರೂಪಾಕ್ಷನ ಗುಡಿಯೆನ್ನುತ್ತೇವೆ. ಬಾದಾಮಿಯ ಸೋಲನ್ನು ಮುಚ್ಚಿಟ್ಟವನಿಗೆ ಕಂಚಿಯ ಔದಾರ್ಯ ಅರ್ಥವಾಗುವದೆ? ಸೋಲಿನ ನೋವನ್ನು ಅರಿತವನೇ ಆ ಗೆಲವಿನ ಸಂಯಮಕ್ಕೆ ಬೆಲೆ ಕಟ್ಟಬಲ್ಲ. ಆದ್ದರಿಂದಲೇ ನಾವು ಹೇಳುತ್ತೇವೆ: ಮುಚ್ಚಿಟ್ಟ ಇತಿಹಾಸವು ಅಭಿಮಾನವನ್ನು ಬೆಳೆಯಿಸುವದಿಲ್ಲ, ಅಭಿಮಾನದ ಬೇರನ್ನೇ ಕೊಯ್ಯುತ್ತದೆ.

ದಂತಕಥೆಗಳ ಮಾತೂ ಹೀಗೆಯೇ. ಬೇಲೂರಿನ ಗುಡಿಯ ಮುಂದೆ ನಿಂತು ‘ಜಕಣಾಚಾರಿ, ಜಕಣಾಚಾರಿ’ ಎಂದು ಕಣ್ಣರಳಿಸುವವರು ಲಕ್ಷಗಟ್ಟಲೆ. ಬೇಲೂರಿನ ಶಾಸನಗಳಲ್ಲಿ ಆ ಹೆಸರು ಇಲ್ಲ. ಆದರೆ ಅಲ್ಲಿಯ ಮೂರ್ತಿಗಳ ಪಾದದ ಬಳಿ, ಬಳ್ಳಿಗಾವೆಯಿಂದ ಬಂದ ದಾಸೋಜ, ಆತನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ತಾವೇ ಕೆತ್ತಿಕೊಂಡಿದ್ದಾರೆ. ಸೋಮನಾಥಪುರಕ್ಕೆ ಹೋದರೆ ಮಲ್ಲಿತಮ್ಮನ ಹೆಸರು ಮೂರ್ತಿಯಿಂದ ಮೂರ್ತಿಗೆ ಕಾಣುತ್ತದೆ. ಎಂಥ ವಿಚಿತ್ರ! ಉಳಿ ಹಿಡಿದ ಕೈ ತನ್ನ ಹೆಸರನ್ನು ಬರೆದು ಒಂಬತ್ತುನೂರು ವರ್ಷಗಳಿಂದ ನಮ್ಮ ಕಣ್ಣ ಮುಂದೆ ಹಿಡಿದಿದ್ದರೂ, ನಾವು ಅದನ್ನು ಓದದೆ ಇಲ್ಲದವನ ಹೆಸರನ್ನು ಜಪಿಸುತ್ತಿದ್ದೇವೆ. ಕಥೆ ಕಥೆಯಾಗಿ ಇರಲಿ. ಅಜ್ಜಿ ಮೊಮ್ಮಕ್ಕಳಿಗೆ ಹೇಳಲಿ. ಆದರೆ ದಾಸೋಜನ ಕೂಲಿಯನ್ನು ಜಕಣಾಚಾರಿಗೆ ಕೊಡುವದು ಯಾವ ನ್ಯಾಯ?

ಬೆಂಗಳೂರಿನ ಹೆಸರಿನದೂ ಇದೇ ಪಾಡು. ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ ಬಂದನಂತೆ, ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳಂತೆ, ಅದರಿಂದ ‘ಬೆಂದಕಾಳೂರು’ ಆಯಿತಂತೆ. ಕಥೆ ರುಚಿಯಾಗಿದೆ. ಆದರೆ ಬೇಗೂರಿನ ಗುಡಿಯಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನವೊಂದು ಬೆಂಗಳೂರ ಕಾಳಗದಲ್ಲಿ ಮಡಿದವನ ಸುದ್ದಿಯನ್ನು ಹೇಳುತ್ತದೆ. ಹೊಯ್ಸಳರ ಬಲ್ಲಾಳರು ಹುಟ್ಟುವದಕ್ಕೆ ಇನ್ನೂ ಎಷ್ಟೋ ತಲೆಮಾರು ಇದ್ದಾಗ ಊರು ಇತ್ತು, ಊರಿಗೆ ಅದೇ ಹೆಸರಿತ್ತು, ಆ ಊರಿನಲ್ಲಿ ಪ್ರಾಣ ಕೊಟ್ಟವರಿದ್ದರು. ಕಾಳಿನ ಕಥೆಗಿಂತ ಈ ದಿಟ ಸಪ್ಪೆಯೆ? ಸಪ್ಪೆಯೆನ್ನುವವನ ನಾಲಗೆಯಲ್ಲಿ ರುಚಿಯಿಲ್ಲ.

ಒಂದು ಕಾಲದಲ್ಲಿ ಇತಿಹಾಸವನ್ನು ನಾವು ಸಾಕ್ಷಿಗೆ ಕರೆಯಬೇಕಾಗಿದ್ದಿತು. ಕನ್ನಡಿಗರು ಹಲವು ಆಡಳಿತಗಳ ಕೆಳಗೆ ಹಂಚಿಹೋಗಿದ್ದಾಗ, ‘ಕನ್ನಡನಾಡು ಎಂಬುದೊಂದು ಇತ್ತೆ?’ ಎಂದು ಕೇಳಿದವರಿಗೆ, ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡನ್ನು ಒಂಬತ್ತನೆಯ ಶತಮಾನದಲ್ಲಿಯೇ ಕಂಡ ‘ಕವಿರಾಜಮಾರ್ಗ’ವನ್ನು ತೋರಿಸಬೇಕಾಗಿದ್ದಿತು. ಆ ಸಾಕ್ಷಿ ಫಲಿಸಿತು. 1956ರ ನವೆಂಬರ 1ರಂದು ನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ವಾದ ಗೆದ್ದಮೇಲೆ ಸಾಕ್ಷಿಯನ್ನು ಕೋರ್ಟಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿ ಮರೆತುಹೋಗುವ ಕಕ್ಷಿಗಾರನಂತೆ ನಾವು ನಡೆದುಕೊಳ್ಳುತ್ತಿದ್ದೇವೆಂಬುದೇ ನಮ್ಮ ದುಃಖ.

ಬಿಸಿಲಲ್ಲಿ ನಿಂತ ಆ ಸಾಕ್ಷಿಗಳ ಸ್ಥಿತಿಯನ್ನು ನೋಡಿರಿ. ಊರ ಕೆರೆಯ ಮೆಟ್ಟಿಲಲ್ಲಿ ಬೋರಲಾಗಿ ಮಲಗಿದ ವೀರಗಲ್ಲುಗಳೆಷ್ಟು! ಬಟ್ಟೆ ಒಗೆಯುವ ಕಲ್ಲಾದ ದಾನಶಾಸನಗಳೆಷ್ಟು! ರಸ್ತೆ ಅಗಲಿಸುವಾಗ ಜಲ್ಲಿಯೊಡನೆ ಹೋದವುಗಳೆಷ್ಟು! ನಿಧಿಯಿದೆಯೆಂದು ಬುಡ ಅಗೆದು ಮುರಿದವುಗಳೆಷ್ಟು! ಭಕ್ತಿಯ ಹೆಸರಿನಲ್ಲಿ ಎಣ್ಣೆಬಣ್ಣ ಬಳಿದು ಅಕ್ಷರಗಳನ್ನು ಹೂಳಿದ ಗುಡಿಗಳೆಷ್ಟು! ಲೂಯಿ ರೈಸನು ಇಂಥ ಊರಿನ ಇಂಥ ಹೊಲದಲ್ಲಿ ಎಂದು ಬರೆದಿಟ್ಟ ಕಲ್ಲನ್ನು ಹುಡುಕುತ್ತ ಹೋದರೆ ಅಲ್ಲಿ ಹೊಲವೂ ಇಲ್ಲ, ಕಲ್ಲೂ ಇಲ್ಲ. ಮಹಡಿಯ ಮನೆಗಳ ಸಾಲಿದೆ. ಈ ದಾನಶಾಸನಗಳ ಕೊನೆಯಲ್ಲಿ ನಮ್ಮ ಹಿರಿಯರು ಶಾಪವಾಕ್ಯಗಳನ್ನು ಬರೆಸುತ್ತಿದ್ದರು. ದಾನವನ್ನು ಅಳಿದವನು ಅರುವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟಲಿ, ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗಲಿ ಎಂದು. ದಾನಕ್ಕೆ ಅಳುಪುವ ವೈರಿಯನ್ನು ಅವರು ಊಹಿಸಿದ್ದರು. ಶಾಪವನ್ನು ಓದಲಾರದೆ ಅದರ ಮೇಲೆಯೇ ಸೋಪು ತಿಕ್ಕುವ ಮೊಮ್ಮಕ್ಕಳನ್ನು ಪಾಪ, ಅವರು ಊಹಿಸಿರಲಿಲ್ಲ!

ಸರಕಾರವಿದೆ, ಕಾಯಿದೆಯಿದೆ ಎನ್ನುವಿರಿ. ಅಹುದು, 1958ರ ಕೇಂದ್ರದ ಕಾಯಿದೆಯುಂಟು, 1961ರ ನಮ್ಮ ರಾಜ್ಯದ ಕಾಯಿದೆಯುಂಟು. ಸಂರಕ್ಷಿತವೆಂದು ಸಾರಿದ ಸ್ಮಾರಕಗಳಿಗೆ ಅವು ಬೇಲಿಯಾಗಿವೆ. ಆದರೆ ಊರೂರಿನ ಅಗಸೆಯಲ್ಲಿ, ಬೇವಿನ ಕಟ್ಟೆಯಲ್ಲಿ, ಹೊಲದ ಬದುವಿನಲ್ಲಿ ನಿಂತಿರುವ ಕಲ್ಲುಗಳಲ್ಲಿ ಬಹುಪಾಲು ಈ ಬೇಲಿಯ ಹೊರಗಿವೆ. ಪ್ರತಿಯೊಂದು ಕಲ್ಲಿನ ಬಳಿ ಸಿಪಾಯಿಯನ್ನು ನಿಲ್ಲಿಸುವದು ಯಾವ ಸರಕಾರದಿಂದಲೂ ಆಗದ ಮಾತು. ಆದರೆ ಪ್ರತಿಯೊಂದು ಊರಿನಲ್ಲಿ ಒಬ್ಬ ಇತಿಹಾಸಪ್ರೇಮಿ ಇರಬಲ್ಲ. ಅವನೇ ಆ ಕಲ್ಲಿನ ಸಿಪಾಯಿ. ಪಂಡಿತನು ರಾಜಧಾನಿಯಲ್ಲಿದ್ದಾನೆ, ಅಧಿಕಾರಿಯು ಜಿಲ್ಲೆಯ ಕಚೇರಿಯಲ್ಲಿದ್ದಾನೆ, ರಸ್ತೆಯ ಯಂತ್ರ ಬರುವ ದಿನ ಊರಲ್ಲಿ ಇರುವವನು ಹವ್ಯಾಸಿ ಮಾತ್ರ. ಹವ್ಯಾಸಿಯ ಆನಂದವನ್ನು ನಾವು ಇಷ್ಟು ಹಟದಿಂದ ಸಮರ್ಥಿಸುವದಕ್ಕೆ ಇದೇ ಮುಖ್ಯ ಕಾರಣ. ಸವಿ ಕಂಡವನೇ ಕಾಯುವವನು. ಸವಿ ಕಾಣದವನಿಗೆ ಸಂಬಳ ಕೊಟ್ಟರೂ ಅವನು ಕಾಯುವದು ಸಂಬಳವನ್ನೇ.

ಇದು ಬರಿಯ ಆಸೆಯ ಮಾತಲ್ಲ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆದಾಗ ಒಂದು ವೀರಗಲ್ಲು ಹೊರಬಿದ್ದಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು; ಕಾಳಗದಲ್ಲಿ ಮಡಿದ ಕಿಟ್ಟಯ್ಯನ ನೆನಪಿನದು. ಕಲ್ಲಿನ ಬೆಲೆಯನ್ನು ಬಲ್ಲ ಹವ್ಯಾಸಿಗಳ ಕಣ್ಣಿಗೆ ಅದು ಬಿದ್ದುದರಿಂದ ಕಸದ ಬಂಡಿಗೆ ಹೋಗಲಿಲ್ಲ; ಓದಿಸಿಕೊಂಡಿತು, ಇಂದು ಮಂಟಪದಲ್ಲಿ ನಿಂತಿದೆ. ಕಣ್ಣಿದ್ದವರು ಇಲ್ಲದಿದ್ದರೆ ಹನ್ನೆರಡೂವರೆ ಶತಮಾನ ಮಣ್ಣಿನಲ್ಲಿ ಬದುಕಿದ ಕಿಟ್ಟಯ್ಯನು ಒಂದೇ ದಿನದಲ್ಲಿ ಎರಡನೆಯ ಸಲ ಸಾಯುತ್ತಿದ್ದನು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನವೇ ಒಂದು ಗುಡಿಯೊಳಗೆ ದೇವಿಯ ಪೀಠದ ಕಲ್ಲಾಗಿ ಮಲಗಿತ್ತು. 1980ರ ದಶಕದಲ್ಲಿ ಆ ಗುಡಿಯ ಮಾಡು ಕುಸಿದಮೇಲೆ ಅದು ಬೆಳಕು ಕಂಡಿತು. ಅಲ್ಲಿಗೆ ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ 1990ರ ದಶಕದಲ್ಲಿ ಅಶೋಕ ರಾಯನೆಂದು ಹೆಸರು ಬರೆದ ಶಿಲ್ಪವೇ ದೊರೆಯಿತು. ಇನ್ನೂ ಎಂಥೆಂಥವು ನಮ್ಮ ಹೊಸ್ತಿಲ ಕೆಳಗೆ ಮಲಗಿವೆಯೋ!

ಆದರೆ ಹವ್ಯಾಸಿಗಳಿಗೂ ಎರಡು ಮಾತು ಹೇಳದಿದ್ದರೆ ನಾವು ನ್ಯಾಯ ತಪ್ಪಿದಂತಾದೀತು. ಪ್ರೀತಿಯೊಂದೇ ಸಾಲದು, ಕ್ರಮ ಬೇಕು. ಕಲ್ಲನ್ನು ಕಂಡೊಡನೆ ತಂತಿಯ ಕುಂಚದಿಂದ ಉಜ್ಜುವದು, ಆಮ್ಲ ಸುರಿದು ತೊಳೆಯುವದು, ಅಕ್ಷರಗಳಲ್ಲಿ ಬಣ್ಣ ತುಂಬುವದು – ಇವು ಪ್ರೀತಿಯಲ್ಲ, ಹಿಂಸೆ. ಮೆತ್ತನೆಯ ಕುಂಚ, ಶುದ್ಧ ನೀರು ಸಾಕು. ಬೆಳಗಿನ ಇಲ್ಲವೆ ಇಳಿಹೊತ್ತಿನ ಓರೆ ಬಿಸಿಲು ಬಿದ್ದಾಗ ಅಕ್ಷರಗಳು ತಾವೇ ನೆರಳಿನಿಂದ ಎದ್ದು ನಿಲ್ಲುತ್ತವೆ. ಒದ್ದೆ ಕಾಗದವನ್ನು ಹಾಸಿ ಮಸಿಯಿಂದ ಪಡಿಯಚ್ಚು ತೆಗೆಯುವ ಕೆಲಸವನ್ನು ಬಲ್ಲವರಿಂದ ಕಲಿತೇ ಮಾಡತಕ್ಕದ್ದು. ಕಲ್ಲನ್ನು ಇದ್ದ ಎಡೆಯಿಂದ ಕೀಳಕೂಡದು. ಎಡೆ ತಪ್ಪಿದ ಶಾಸನವು ಊರು ಮರೆತ ಮುದುಕನಂತೆ, ಅರ್ಧ ಮೂಕ. ಕಂಡುದನ್ನು ಬಚ್ಚಿಡಕೂಡದು. ಪುರಾತತ್ತ್ವ ಇಲಾಖೆಗೆ ಬರೆಯಿರಿ. ಮೈಸೂರಿನಲ್ಲಿ ಭಾರತ ಸರಕಾರದ ಶಾಸನ ವಿಭಾಗವಿದೆ, ಅಲ್ಲಿ ಓದಬಲ್ಲವರಿದ್ದಾರೆ. ಅಕ್ಷರ ಅಳಿಸಿಹೋದ ಕಡೆ ಚುಕ್ಕೆ ಇಡಿರಿ, ನಿಮ್ಮ ಊಹೆಯನ್ನು ತುಂಬಬೇಡಿರಿ. ಬರೆಯಲಾರದೆ ಬಿಟ್ಟ ಆ ಚುಕ್ಕೆಗಳೇ ಇತಿಹಾಸಕಾರನ ಪ್ರಾಮಾಣಿಕತೆಯ ಮೊಹರು.

ಮತ್ತು ಶಾಲೆಯ ಮಾಸ್ತರರೆ, ನಮ್ಮ ಹೆಚ್ಚಿನ ಭರವಸೆ ನಿಮ್ಮ ಮೇಲಿದೆ. ಪರೀಕ್ಷೆಗಾಗಿ ಮಕ್ಕಳಿಂದ ಇಸವಿಗಳನ್ನು ಉರುಹೊಡೆಯಿಸಿ ಇತಿಹಾಸವೆಂದರೆ ಕಹಿಯೆಂದು ಅವರಿಗೆ ಕಲಿಸಿದ್ದು ಸಾಕು. ಅವರನ್ನು ಊರ ವೀರಗಲ್ಲಿನ ಮುಂದೆ ನಿಲ್ಲಿಸಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿ, ನೆತ್ತಿಯಲ್ಲಿ ಸೂರ್ಯಚಂದ್ರರು – ಇಷ್ಟನ್ನು ತೋರಿಸಿರಿ. ತುರುಗಳನ್ನು ಮರಳಿಸಲು ಹೋಗಿ ಮಡಿದವನೋ, ಹೆಣ್ಣಿನ ಮಾನ ಕಾಯಲು ಮಡಿದವನೋ, ಊರಿಗೆ ಬಿದ್ದ ದಂಡನ್ನು ತಡೆಯುತ್ತ ಮಡಿದವನೋ ಅವರೇ ಊಹಿಸಲಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ಬರುವದೆಂಬ ಲೆಕ್ಕವನ್ನು ಕಲ್ಲಿನ ಮುಂದೆಯೇ ಮಾಡಿಸಿರಿ. ಬೇಲೂರಿನ 1039 ಹೀಗೆಯೇ 1117 ಆಗುವದು. ಹಳಗನ್ನಡದ ಅಕ್ಷರಗಳು ಇಂದಿನ ಅಕ್ಷರಗಳ ಅಜ್ಜಂದಿರೇ ಹೊರತು ಅನ್ಯರಲ್ಲ. ಹೊಯ್ಸಳರ ಕಾಲದ ದುಂಡು ಬರೆಹವನ್ನು ಬುದ್ಧಿಯುಳ್ಳ ಹುಡುಗನು ಕೆಲವು ತಿಂಗಳ ಅಭ್ಯಾಸದಿಂದ ಎಡವುತ್ತಲಾದರೂ ಓದಬಲ್ಲನು. ಹಾಗೆ ಒಮ್ಮೆ ತನ್ನ ಊರಿನ ಹೆಸರನ್ನು ಕಲ್ಲಿನ ಮೇಲೆ ತಾನೇ ಓದಿದ ಹುಡುಗನು ಆ ಕಲ್ಲಿನ ಮೇಲೆ ಇನ್ನು ಬಟ್ಟೆ ಒಗೆಯಗೊಡುವನೆ?

ಇತಿಹಾಸದ ಸವಿ ಪಂಡಿತರ ಸ್ವತ್ತಲ್ಲ, ಸರಕಾರದ ಸ್ವತ್ತಲ್ಲ, ಭಾಷಣಕಾರರ ಸ್ವತ್ತಂತೂ ಅಲ್ಲವೇ ಅಲ್ಲ. ಓದುವ ಕಷ್ಟವನ್ನು ಪಟ್ಟವನಿಗೆ ಅದು ಸೇರಿದ್ದು. ದಿಟವನ್ನು ಒಪ್ಪುವ ಎದೆಯುಳ್ಳವನಿಗೆ ಸೇರಿದ್ದು. ಕಾಯುವ ಕೈಯುಳ್ಳವನಿಗೆ ಸೇರಿದ್ದು. ದಾನ ಕೊಟ್ಟವರು ‘ಆಚಂದ್ರಾರ್ಕವಾಗಿ’ ಉಳಿಯಲೆಂದು ಬರೆಸಿದರು. ಚಂದ್ರನಿದ್ದಾನೆ, ಸೂರ್ಯನಿದ್ದಾನೆ, ಅವರು ತಮ್ಮ ಪಾಲಿನ ಮಾತನ್ನು ನಡಸಿದ್ದಾರೆ. ಕಲ್ಲು ಉಳಿಯುವದೋ ಇಲ್ಲವೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಇಂದು ನಮ್ಮೂರ ಕಲ್ಲು ಯಾವ ಸ್ಥಿತಿಯಲ್ಲಿದೆಯೆಂದು ಪ್ರತಿಯೊಬ್ಬ ವಾಚಕನೂ ಮನೆಯಿಂದ ಹೊರಗೆ ಬಂದು ನೋಡಲಿ; ವಾದಗಳೆಲ್ಲ ಆಮೇಲೆ.